ತಗ್ಗಿಗೆ ಹರಿಯುವ ಬಣ್ಣ

ಭಾನುವಾರದ ಮಧ್ಯಾಹ್ನ. ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿದೆ. ಅದರ ಮೇಲೆ ಹೆಬ್ಬೆರಳಿಗಿಂತ ಚಿಕ್ಕವಾದ ಬೂದು ಬಣ್ಣದ ಬೊಂಬೆಗಳ ಸಾಲು: ಈಟಿ ಹಿಡಿದವರು, ಗುರಾಣಿ ಹೊತ್ತವರು, ಕುದುರೆ ಏರಿದ ಒಬ್ಬ ದಳಪತಿ. ಪಕ್ಕದಲ್ಲಿ ಒಂದು ಲೋಟ ನೀರು, ಎರಡು ಸಣ್ಣ ಬ್ರಷ್, ಹತ್ತು ಹನ್ನೆರಡು ಬಣ್ಣದ ಶೀಶೆ. ಮೇಜಿನ ಮೇಲೆ ಆಡುವ ಯುದ್ಧದ ಆಟಗಳಿಗೆ ಬೇಕಾಗುವ ಈ ಮಿನಿಯೇಚರ್ ಬೊಂಬೆಗಳು ಬಣ್ಣವಿಲ್ಲದೆಯೇ ಡಬ್ಬಿಯಿಂದ ಹೊರಬರುತ್ತವೆ. ಬಣ್ಣ ಹಚ್ಚುವುದು ಕೊಂಡವರ ಪಾಲಿನ ಕೆಲಸ. ಸಂಜೆಯ ಹೊತ್ತಿಗೆ ಎರಡು ಬೊಂಬೆಗಳ ಮೈ ಅರ್ಧ ತುಂಬಿರುತ್ತದೆ. ಉಳಿದವು ಡಬ್ಬಿಗೆ ಮರಳುತ್ತವೆ, ಡಬ್ಬಿ ಅಟ್ಟ ಸೇರುತ್ತದೆ. ಈ ಹವ್ಯಾಸ ಇರುವ ಮನೆಗಳಲ್ಲೆಲ್ಲ, ಮೈಸೂರಾಗಲಿ ಮ್ಯಾಂಚೆಸ್ಟರ್ ಆಗಲಿ, ಇಂಥ ಡಬ್ಬಿಗಳು ಸಿಗುತ್ತವೆ.

ಈ ತೊಡಕಿಗೆ ಉತ್ತರವಾಗಿ ಬಂದದ್ದು ಒಂದೇ ಲೇಪದಲ್ಲಿ ಕೆಲಸ ಮುಗಿಸುವ ವೇಗದ ಬಣ್ಣ. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 2019ರಲ್ಲಿ 'ಕಾಂಟ್ರಾಸ್ಟ್' ಎಂಬ ಬಣ್ಣಗಳನ್ನು ಬಿಡುಗಡೆ ಮಾಡಿತು. 2022ರಲ್ಲಿ ಡೆನ್ಮಾರ್ಕಿನ ಆರ್ಮಿ ಪೇಂಟರ್ 'ಸ್ಪೀಡ್‌ಪೇಂಟ್' ತಂದಿತು, ಅದೇ ವರ್ಷ ಸ್ಪೇನಿನ ವಯೇಹೊ 'ಎಕ್ಸ್‌ಪ್ರೆಸ್ ಕಲರ್' ತಂದಿತು. ಅಂದಿನಿಂದ ಹವ್ಯಾಸಿಗಳ ನಡುವೆ ವಾದ ನಿಂತಿಲ್ಲ. ಇದು ಕಲೆಯೇ, ಕಳ್ಳದಾರಿಯೇ? ಕೈಕೆಲಸಕ್ಕೆ ಹೆಸರಾದ ಮೈಸೂರಿನಂಥ ಊರಿನಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವಿದೆ. ನನ್ನ ವಾದ ಇಷ್ಟು: ಬಣ್ಣ ಎಷ್ಟು ಬೇಗ ಕೂತಿತು ಎಂಬುದು ಕಲೆಯ ಅಳತೆಗೋಲಲ್ಲ. ಬೊಂಬೆಯ ಆಕಾರಕ್ಕೆ ಆ ಬಣ್ಣ ಒಪ್ಪುತ್ತದೆಯೇ, ಹಚ್ಚಿದ ಮೇಲೆ ಕಾಯಿ ಮಣೆಗೆ ಬರುತ್ತದೆಯೇ ಎಂಬ ಎರಡು ಪ್ರಶ್ನೆ ಕೇಳಿದರೆ ಉತ್ತರ ತಾನಾಗಿ ಸಿಗುತ್ತದೆ. ಅದಕ್ಕೆ ಬೇಕಾದ ಸಾಕ್ಷ್ಯ ನಮ್ಮ ಸುತ್ತಮುತ್ತಲೇ ಇದೆ.

ಮಣೆಯಾಟದ ಊರು

ಮೈಸೂರಿಗೂ ಆಟದ ಕಾಯಿಗಳಿಗೂ ನಂಟು ಹಳೆಯದು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಬುದ್ಧಿಯನ್ನೂ ಹೊತ್ತನ್ನೂ ಕಲೆ, ಸಾಹಿತ್ಯ, ಆಟಗಳಿಗೆ ಮೀಸಲಿಟ್ಟರು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ಮುಟ್ಟದೆ 64 ಮನೆಗಳನ್ನು ಸುತ್ತಿಬರುವ ಸಮಸ್ಯೆಗೆ ಅವರು ಬಗೆಬಗೆಯ ಪರಿಹಾರ ಹೆಣೆದರು. ಅವರ 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಇಸ್ಪೀಟಿನಂಥ ಗಂಜೀಫಾ ಆಟಗಳ ವಿವರವಿದೆ. ಅವುಗಳಲ್ಲಿ 360 ಎಲೆಗಳ ಆಟವೂ ಒಂದು. ಪ್ರತಿ ಎಲೆಯೂ ಕೈಯಿಂದ ಬರೆದ ಚಿತ್ರ. ಯಾವ ಎಲೆ ಯಾವ ಗುಂಪಿಗೆ ಸೇರಿದ್ದು ಎಂದು ಆಡುವವನಿಗೆ ಮೊದಲ ನೋಟದಲ್ಲೇ ತಿಳಿಸುವುದು ಅದರ ನೆಲದ ಬಣ್ಣ. ಅಂದರೆ ಬಣ್ಣ ಅಲ್ಲಿ ಅಲಂಕಾರಕ್ಕೆ ಮುಂಚೆ ಆಟದ ಸಲಕರಣೆ.

ಆ ಪರಂಪರೆ ಈಗಲೂ ಕಣ್ಣಿಗೆ ಕಾಣುತ್ತದೆ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ನಗರದಲ್ಲಿ ನಡೆಸಿಕೊಂಡು ಬಂದಿರುವ 'ಕ್ರೀಡಾ ಕೌಶಲ್ಯ' ಪ್ರದರ್ಶನದಲ್ಲಿ ಪಗಡೆ, ಚೌಕಾಬಾರ, ಅಳಗುಳಿ, ಆಡುಹುಲಿ ಆಟಗಳ ಮಣೆ ಮತ್ತು ಕಾಯಿಗಳನ್ನು ದೇಶದ ಬೇರೆ ಬೇರೆ ಕರಕುಶಲ ಪದ್ಧತಿಗಳಲ್ಲಿ ಮಾಡಿಸಿ ಇಡುತ್ತಾರೆ. ಇನ್ನು ದಸರಾ ಬಂದರೆ ಮನೆಮನೆಯಲ್ಲೂ ಬೊಂಬೆ ಕೂರಿಸುವ ಸಂಭ್ರಮ. ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲುಗಳಲ್ಲಿ ಜಂಬೂಸವಾರಿಯ ಸಾಲು ನಿಲ್ಲುತ್ತದೆ: ಅಂಬಾರಿ ಹೊತ್ತ ಆನೆ, ಬ್ಯಾಂಡಿನವರು, ಕುದುರೆ ಸವಾರರು, ಪೇಟ ತೊಟ್ಟ ಸಿಪಾಯಿಗಳು. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಪುಸ್ತಕ ಬರೆದು ಆಟಿಕೆ ಸೈನಿಕರಿಗೆ ಆಟದ ನಿಯಮ ಕೊಟ್ಟರು; ಇಂದಿನ ಮಿನಿಯೇಚರ್ ಆಟಗಳ ಬೇರು ಅಲ್ಲಿದೆ ಎನ್ನುತ್ತಾರೆ. ಪುಟ್ಟ ಸೇನೆಯನ್ನು ಮನೆಯೊಳಗೆ ಸಾಲಾಗಿ ನಿಲ್ಲಿಸುವ ಖುಷಿ ಮಾತ್ರ ಮೈಸೂರಿನ ಮಕ್ಕಳಿಗೆ ಹೊಸದಲ್ಲ.

ಬೆಳಕು ಮಾಡದ ಕೆಲಸ

ವೇಗದ ಬಣ್ಣದ ಗುಣ ತಿಳಿಯಬೇಕಾದರೆ ಇಷ್ಟು ಚಿಕ್ಕ ಬೊಂಬೆಗೆ ಬಣ್ಣ ಹಚ್ಚುವುದು ಏಕೆ ಕಷ್ಟ ಎಂಬುದನ್ನು ಮೊದಲು ನೋಡಬೇಕು. ಈ ಬೊಂಬೆಗಳು ಸುಮಾರು 28ರಿಂದ 32 ಮಿಲಿಮೀಟರ್ ಅಳತೆಯವು. ಆಳೆತ್ತರದ ಪ್ರತಿಮೆಯ ಸೀರೆಯ ನೆರಿಗೆಯಲ್ಲಿ ನೆರಳು ತಾನಾಗಿ ಬೀಳುತ್ತದೆ. ಒಂದು ಮಿಲಿಮೀಟರ್ ಆಳವಿಲ್ಲದ ನೆರಿಗೆಯೊಳಕ್ಕೆ ಕೋಣೆಯ ಬೆಳಕು ನಾಲ್ಕೂ ಕಡೆಯಿಂದ ನುಗ್ಗಿಬಿಡುತ್ತದೆ, ನೆರಳು ನಿಲ್ಲುವುದಿಲ್ಲ. ಹಾಗಾಗಿ ಒಂದೇ ಬಣ್ಣವನ್ನು ಸಮನಾಗಿ ಬಳಿದ ಪುಟ್ಟ ಬೊಂಬೆ, ಎಷ್ಟೇ ಚೆನ್ನಾಗಿ ಕೆತ್ತಿದ್ದರೂ, ಮೂರಡಿ ದೂರದಿಂದ ಮುದ್ದೆಯಂತೆ ಕಾಣುತ್ತದೆ. ಬೆಳಕು ಮಾಡದ ಕೆಲಸವನ್ನು ಬ್ರಷ್ ಮಾಡಬೇಕು. ತಗ್ಗುಗಳಿಗೆ ಕಡುಬಣ್ಣ, ಉಬ್ಬುಗಳಿಗೆ ತಿಳಿಬಣ್ಣ, ನಡುವೆ ಇವೆರಡನ್ನೂ ಬೆಸೆಯುವ ಬಣ್ಣ. ಹಳೆಯ ಕ್ರಮದಲ್ಲಿ ಮೊದಲು ತಳಲೇಪವಾದ ಪ್ರೈಮರ್, ಅದರ ಮೇಲೆ ಮೂಲಬಣ್ಣ, ಆಮೇಲೆ ತೆಳ್ಳನೆಯ ಕಪ್ಪು ಅಥವಾ ಕಂದು ನೀರುಬಣ್ಣ, ಮತ್ತೆ ಮೂಲಬಣ್ಣ, ಕೊನೆಗೆ ಅಂಚುಗಳಿಗೆ ತಿಳಿಗೆರೆ. ಒಂದೊಂದೂ ಒಣಗಬೇಕು. ಒಂದು ಬೊಂಬೆಗೆ ಇದು ಸುಖದ ಕೆಲಸ. ನೂರು ಬೊಂಬೆಯ ಸೇನೆಗೆ ಇದೇ ಕ್ರಮ ಹಿಡಿದರೆ ತಿಂಗಳುಗಳೇ ಬೇಕು.

ವೇಗದ ಬಣ್ಣ ಈ ಮೆಟ್ಟಿಲುಗಳಲ್ಲಿ ಹಲವನ್ನು ಒಂದೇ ಹನಿಯಲ್ಲಿ ಸೇರಿಸುತ್ತದೆ. ಅದರಲ್ಲಿ ವರ್ಣದ್ರವ್ಯ ಗಾಢವಾಗಿರುತ್ತದೆ, ಅದನ್ನು ಹೊತ್ತ ಅಕ್ರಿಲಿಕ್ ದ್ರವ ಮಾತ್ರ ಪಾರದರ್ಶಕ. ಸಾಮಾನ್ಯ ಬಣ್ಣದಂತೆ ಅದು ಹಚ್ಚಿದಲ್ಲೇ ಕೂರುವುದಿಲ್ಲ. ಒಣಗುವುದನ್ನು ತಡಮಾಡುವ ಮತ್ತು ಹರಿವನ್ನು ಸಲೀಸು ಮಾಡುವ ಪದಾರ್ಥಗಳು ಬೆರೆತಿರುವುದರಿಂದ, ಮಳೆನೀರು ರಸ್ತೆಯ ಗುಂಡಿ ಹುಡುಕಿಕೊಂಡು ಹೋಗುವಂತೆ ಅದು ಉಬ್ಬುಗಳಿಂದ ಜಾರಿ ತಗ್ಗುಗಳಲ್ಲಿ ನಿಲ್ಲುತ್ತದೆ. ಉಬ್ಬಿನ ಮೇಲೆ ಉಳಿಯುವುದು ತೆಳು ಪದರ. ಬೆಳಕು ಅದರ ಮೂಲಕ ಹಾದು ಕೆಳಗಿನ ಬಿಳಿ ಪ್ರೈಮರಿಗೆ ಬಡಿದು ಹಿಂತಿರುಗುತ್ತದೆ, ಕಣ್ಣಿಗೆ ತಿಳಿಬಣ್ಣ ಕಾಣುತ್ತದೆ. ತಗ್ಗಿನಲ್ಲಿ ಪದರ ದಪ್ಪ. ಬೆಳಕಿನ ಬಹುಪಾಲು ಅಲ್ಲೇ ಹೀರಿಹೋಗುತ್ತದೆ, ಬಣ್ಣ ಕಡುವಾಗುತ್ತದೆ. ಒಂದೇ ಶೀಶೆಯ ಬಣ್ಣ ಎರಡು ಮೂರು ಛಾಯೆಗಳಾಗಿ ಕಾಣುವುದರ ಗುಟ್ಟು ಪದರದ ದಪ್ಪದಲ್ಲಿದೆ. ಅದಕ್ಕೇ ಇಲ್ಲಿ ಪ್ರೈಮರ್ ಬಿಳಿ ಅಥವಾ ತಿಳಿಬೂದು ಆಗಿರಲೇಬೇಕು. ಕಪ್ಪು ಪ್ರೈಮರಿನ ಮೇಲೆ ನೇರವಾಗಿ ಹಚ್ಚಿದರೆ ಹಿಂತಿರುಗಿ ಬರಲು ಬೆಳಕೇ ಇರುವುದಿಲ್ಲ.

ಕಪ್ಪನ್ನೂ ಉಪಯೋಗಕ್ಕೆ ತರುವ ಒಂದು ಜಾಣ ವಿಧಾನ ಹವ್ಯಾಸಿಗಳ ನಡುವೆ ಹರಡಿದೆ. ಕಪ್ಪು ಪ್ರೈಮರ್ ಹಾಕಿ, ಬ್ರಷ್ಷಿನ ಬಣ್ಣವನ್ನು ಬಟ್ಟೆಗೆ ಒರೆಸಿ ಬಹುತೇಕ ಒಣಗಿಸಿಕೊಂಡು, ಮೊದಲು ಬೂದು, ಆಮೇಲೆ ಬಿಳಿಯನ್ನು ಬೊಂಬೆಯ ಉಬ್ಬುಗಳ ಮೇಲೆ ತೀಡುತ್ತಾರೆ. ಬೊಂಬೆ ಕಪ್ಪುಬಿಳುಪು ಛಾಯಾಚಿತ್ರದಂತಾಗುತ್ತದೆ. ಅದರ ಮೇಲೆ ವೇಗದ ಬಣ್ಣ ಬಿದ್ದರೆ ನೆರಳು ಬೆಳಕು ಎರಡೂ ಇನ್ನಷ್ಟು ಎದ್ದು ಕಾಣುತ್ತವೆ.

ಅರಗು ಹೇಳುವ ಮಾತು

ಒಂದೇ ಸಲಕ್ಕೆ ಬಣ್ಣ ಮುಗಿಸುವ ವಿದ್ಯೆ ಕೀಳು ಎನ್ನುವವರು ಬೆಂಗಳೂರು ಮೈಸೂರು ರಸ್ತೆಯ ಚನ್ನಪಟ್ಟಣದಲ್ಲಿ ಒಮ್ಮೆ ಇಳಿಯಬೇಕು. ಅಲ್ಲಿನ ಕುಶಲಕರ್ಮಿ ಹಾಲೆ ಮರದ ತುಂಡನ್ನು ಚರಕಿಗೆ ಕಟ್ಟಿ, ಉಳಿಯಿಂದ ಆಕಾರ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿ ಹಿಡಿದು ತೀಡಿದರೆ ಹೊಳಪು ಬರುತ್ತದೆ. ಒಣಗಲು ಕಾಯಬೇಕಿಲ್ಲ, ಬ್ರಷ್ ಬೇಕಿಲ್ಲ. ಆಟಿಕೆ ಚರಕಿಯಿಂದ ಇಳಿಯುವಾಗಲೇ ಬಣ್ಣ ಮುಗಿದಿರುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಸುಬನ್ನು ಕಳ್ಳದಾರಿ ಎಂದು ಯಾರೂ ಕರೆದಿಲ್ಲ. ಏಕೆಂದರೆ ಆ ವೇಗದ ಹಿಂದೆ ಮರ ಯಾವಾಗ ಒಣಗಿದೆ, ಕಡ್ಡಿಯನ್ನು ಎಷ್ಟು ಒತ್ತಬೇಕು, ಯಾವ ಬಣ್ಣ ಎಲ್ಲಿ ನಿಲ್ಲಬೇಕು ಎಂಬ ಅರಿವಿದೆ. ಶ್ರಮ ಮಾಯವಾಗಿಲ್ಲ, ಬಣ್ಣ ಹಚ್ಚುವ ಗಳಿಗೆಯಿಂದ ಹಿಂದಕ್ಕೆ, ಸಿದ್ಧತೆಗೆ ಸರಿದಿದೆ.

ಶೀಶೆಯ ವೇಗದ ಬಣ್ಣದಲ್ಲೂ ಇದೇ ನಡೆದಿದೆ. ಅಲ್ಲಿ ಬಣ್ಣಗಾರನ ಅರ್ಧ ಕೆಲಸವನ್ನು ಬೊಂಬೆ ಕೆತ್ತಿದವನು ಮೊದಲೇ ಮಾಡಿಟ್ಟಿರುತ್ತಾನೆ. ಗಡ್ಡದ ಒಂದೊಂದು ಎಳೆ, ಕವಚದ ಒಂದೊಂದು ಕೊಂಡಿ, ಚರ್ಮದ ಸುಕ್ಕು, ಇವೆಲ್ಲ ಬಣ್ಣಕ್ಕೆ ಹರಿಯುವ ದಾರಿಗಳು. ಕೆತ್ತನೆ ಕಳಪೆಯಾದರೆ ಬಣ್ಣವೂ ದಿಕ್ಕುತಪ್ಪುತ್ತದೆ.

ಎರಡೂ ವಿದ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಅರಗಿನ ಬಣ್ಣ ದುಂಡನೆಯ ನುಣುಪಾದ ಮೈಗೆ ಒಲಿಯುತ್ತದೆ. ಚರಕಿಯಲ್ಲಿ ತಿರುಗದ ಮುಖ, ಕೈ, ನೆರಿಗೆಗಳ ಮುಂದೆ ಅದು ಸೋಲುತ್ತದೆ. ಕಾಂಟ್ರಾಸ್ಟ್ ಬಗೆಯ ಬಣ್ಣ ಇದಕ್ಕೆ ಪೂರಾ ತಿರುವುಮುರುವು. ರೋಮ, ಗರಿ, ನೆರಿಗೆ, ಸುಕ್ಕುಗಳಲ್ಲಿ ಅದು ಬೆರಗಾಗುವಂತೆ ಕೆಲಸ ಮಾಡುತ್ತದೆ. ಸಪಾಟಾದ ಗುರಾಣಿ, ರಥದ ಪಕ್ಕೆ, ಅಗಲವಾದ ನಿಲುವಂಗಿಯ ಮೇಲೆ ಹೋಗಲು ತಗ್ಗು ಸಿಗದೆ ಅಲ್ಲಲ್ಲಿ ಮಡುಗಟ್ಟಿ ಕಲೆ ಬಿಡುತ್ತದೆ. ಚನ್ನಪಟ್ಟಣದ ನುಣುಪಾದ ಪಗಡೆಕಾಯಿಗೆ ಈ ಬಣ್ಣ ಹಚ್ಚಿದರೆ ಕೊಳೆ ಮೆತ್ತಿದಂತೆ ಕಂಡೀತು. ಗಂಜೀಫಾ ಎಲೆಗಂತೂ ಇದರಿಂದ ಏನೂ ಪ್ರಯೋಜನವಿಲ್ಲ. ಚಪ್ಪಟೆ ಎಲೆಯ ಮೇಲೆ ಉಬ್ಬುತಗ್ಗು ಎಲ್ಲಿಂದ ಬರಬೇಕು? ಅಲ್ಲಿ ನೆರಳನ್ನು ಕೈಯೇ ಬರೆಯಬೇಕು, ಗೆರೆಯನ್ನು ಕಣ್ಣೇ ಅಳೆಯಬೇಕು. ಮೈಸೂರು ಶೈಲಿಯ ಚಿತ್ರದಲ್ಲಿ ಸಫೇದದಿಂದ ಉಬ್ಬುಗೆಲಸ ಮಾಡಿ ಚಿನ್ನದ ರೇಕು ಕೂರಿಸುವ ತಾಳ್ಮೆಯ ಕೆಲಸಕ್ಕೂ ಇದು ಬದಲಿಯಾಗಲಾರದು. ವೇಗದ ಬಣ್ಣ ಸಾಂಪ್ರದಾಯಿಕ ಕಲಾವಿದರ ಅನ್ನ ಕಸಿಯುತ್ತದೆ ಎಂಬ ಆತಂಕ ಇರುವವರು ಈ ಭೇದವನ್ನು ಗಮನಿಸಬೇಕು. ಆ ಕಸುಬುಗಳು ನಿಂತಿರುವ ನೆಲವೇ ಬೇರೆ.

ಆಕ್ಷೇಪಗಳು

ಮೊದಲ ಆಕ್ಷೇಪ ಕೌಶಲದ್ದು: ಹೊಸಬರು ಮೊದಲಿಗೇ ಸುಲಭದ ಬಣ್ಣ ಹಿಡಿದರೆ ಬ್ರಷ್ ಹಿಡಿಯುವುದನ್ನು ಕಲಿಯುವುದಾದರೂ ಯಾವಾಗ? ಇದನ್ನು ತಳ್ಳಿಹಾಕುವಂತಿಲ್ಲ. ಸಾಮಾನ್ಯ ಬಣ್ಣದಲ್ಲಿ ಗೆರೆ ದಾಟಿದರೆ ಒಣಗಿದ ಮೇಲೆ ಮುಚ್ಚಬಹುದು. ವೇಗದ ಬಣ್ಣ ಪಾರದರ್ಶಕವಾದ್ದರಿಂದ ತಪ್ಪು ಹಾಗೇ ಕಾಣುತ್ತದೆ. ಅದನ್ನು ಅಳಿಸಲು ಮತ್ತೆ ಬಿಳಿ ಹಚ್ಚಿ ಮೊದಲಿನಿಂದ ಶುರುಮಾಡಬೇಕು. ಹೀಗೆ ನೋಡಿದರೆ ಅಂಚು ಕಾಯುವ ವಿಷಯದಲ್ಲಿ ಈ ಬಣ್ಣ ಇನ್ನೂ ಕಟ್ಟುನಿಟ್ಟಿನದು. ಎಷ್ಟು ತುಂಬಿಕೊಳ್ಳಬೇಕು, ಯಾವಾಗ ಕೈ ತೆಗೆಯಬೇಕು, ಮಡುಗಟ್ಟಿದ್ದನ್ನು ಒದ್ದೆ ಬ್ರಷ್ಷಿನ ತುದಿಯಿಂದ ಹೇಗೆ ಹೀರಿ ತೆಗೆಯಬೇಕು ಎಂಬುದನ್ನು ಕಲಿಯದೆ ಗತಿಯಿಲ್ಲ. ನುರಿತವರು ಇದನ್ನೇ ಸಾಮಾನ್ಯ ಬಣ್ಣದ ಮೇಲೆ ತೆಳು ಹೊದಿಕೆಯಾಗಿ ಬಳಸುತ್ತಾರೆ. ಬಣ್ಣಕ್ಕೆ ಹಿಂಜರಿದು ಬೊಂಬೆ ಅಟ್ಟಕ್ಕೆ ಹಾಕಿದವನಿಗಿಂತ, ಒಂದು ಸೇನೆ ಮುಗಿಸಿದವನು ಎರಡನೆಯದಕ್ಕೆ ಇನ್ನೂ ಚೆನ್ನಾಗಿ ಹಚ್ಚುವ ಸಂಭವ ಹೆಚ್ಚು. ಕೈ ಪಳಗುವುದು ಮುಗಿಸಿದ ಕೆಲಸದಿಂದ.

ಎರಡನೆಯ ಆಕ್ಷೇಪ, ಎಲ್ಲರ ಬೊಂಬೆಗಳೂ ಒಂದೇ ಬಗೆ ಕಾಣತೊಡಗುತ್ತವೆ ಎಂಬುದು. ಇದರಲ್ಲಿ ಹೆಚ್ಚು ಸತ್ಯವಿದೆ ಎಂದು ನನಗನಿಸುತ್ತದೆ. ನೆರಳು ಎಲ್ಲಿ ಬೀಳಬೇಕೆಂದು ಬಣ್ಣವೇ ನಿರ್ಧರಿಸಿದಾಗ, ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಲಾವಿದ ಆಯ್ದುಕೊಳ್ಳುವ ಅವಕಾಶ ಕೈತಪ್ಪುತ್ತದೆ. ಪ್ರತಿ ತಗ್ಗೂ ಕಪ್ಪು, ಪ್ರತಿ ಉಬ್ಬೂ ಬಿಳುಪು. ದಳಪತಿಯ ಮುಖಕ್ಕೆ, ಅಂಬಾರಿಯ ಕುಸುರಿಗೆ ಇದು ಸಾಲದು. ಆದರೆ ಸಾಲಿನಲ್ಲಿ ನಿಂತ ಐವತ್ತು ಸಿಪಾಯಿಗಳಿಗೆ ಒಂದೇ ಬಗೆಯ ನೋಟ ಇರಬೇಕಾದದ್ದು ನ್ಯಾಯವೇ. ಸಮವಸ್ತ್ರ ಇರುವುದು ಅದಕ್ಕಾಗಿ. ಸಿಪಾಯಿಗಳಿಗೆ ಒಂದೇ ಲೇಪ, ಉಳಿದ ಹೊತ್ತೆಲ್ಲ ಮುಖ್ಯಪಾತ್ರಗಳ ಕಣ್ಣು, ಮೀಸೆ, ಆಭರಣಗಳಿಗೆ ಎಂದು ಹಂಚಿಕೊಂಡರೆ ವೇಗ ಬಣ್ಣಗಾರನ ಹೊತ್ತನ್ನು ಬೇಕಾದ ಕಡೆಗೆ ತಿರುಗಿಸುತ್ತದೆ.

ಬಣ್ಣವೇ ಬೇಡ, ಆಟಕ್ಕೆ ಬೂದು ಬೊಂಬೆ ಸಾಲದೇ ಎಂಬುದು ಇನ್ನೊಂದು ಮಾತು. ಆಡಲು ಸಾಲುತ್ತದೆ. ಆದರೆ ಆಟ ರೂಪಿಸಿದವರೇ ಬಣ್ಣಕ್ಕೆ ಬೆಲೆ ಕೊಟ್ಟಿದ್ದಾರೆ: 'ವಾರ್‌ಹ್ಯಾಮರ್ 40,000' ಆಟದ ಇತ್ತೀಚಿನ ಆವೃತ್ತಿಗಳಲ್ಲಿ ಒಟ್ಟು 100 ಅಂಕಗಳಲ್ಲಿ 10 ಅಂಕ ಸೇನೆಗೆ ಪೂರ್ತಿ ಬಣ್ಣ ಹಚ್ಚಿ ತಂದದ್ದಕ್ಕೇ ಮೀಸಲು. ಗಂಜೀಫಾದ ನೆಲದ ಬಣ್ಣದಂತೆಯೇ ಇಲ್ಲಿಯೂ ಬಣ್ಣ ಗುರುತಿನ ಕೆಲಸ ಮಾಡುತ್ತದೆ. ಯಾವ ದಳ ಯಾರದು, ಯಾರು ಬಿಲ್ಲಾಳು, ಯಾರು ನಾಯಕ ಎಂದು ಎದುರಾಳಿಗೆ ಕೂತಲ್ಲಿಂದಲೇ ತಿಳಿಯುತ್ತದೆ.

ಕೊನೆಯದು ಬೆಲೆಯ ಆಕ್ಷೇಪ. ಅದನ್ನು ನಾನು ಪೂರಾ ಒಪ್ಪುತ್ತೇನೆ. ವಿದೇಶದಿಂದ ಬರುವ 18 ಮಿಲಿಲೀಟರಿನ ಶೀಶೆಗಳು ಇಲ್ಲಿನ ಜೇಬಿಗೆ ಹೊರೆ. ಅಂಗಡಿಯಲ್ಲಿ ಸಿಗುವ ಕಲಾವಿದರ ಪಾರದರ್ಶಕ ಅಕ್ರಿಲಿಕ್ ಬಣ್ಣ ಅಥವಾ ಅಕ್ರಿಲಿಕ್ ಶಾಯಿಗೆ ಮ್ಯಾಟ್ ಮೀಡಿಯಂ ಎಂಬ ಬಣ್ಣರಹಿತ ದ್ರವ ಬೆರೆಸಿದರೆ ಹತ್ತಿರದ ಫಲ ಸಿಗುತ್ತದೆ. ಬರೀ ನೀರು ಬೆರೆಸಿ ತೆಳುಮಾಡಿದರೆ ಸಾಲದು. ಬಣ್ಣವನ್ನು ಹಿಡಿದಿಡುವ ಅಂಟು ಸಡಿಲವಾಗಿ ಒಣಗಿದ ಮೇಲೆ ಉದುರುತ್ತದೆ. ಇಂಥ ಬಣ್ಣ ಇಲ್ಲೇ ಏಕೆ ತಯಾರಾಗಬಾರದು? ಅರಣ್ಯದ ಅರಗನ್ನು ಬಳಸಲೆಂದು 1937ರಲ್ಲಿ ಶುರುವಾಗಿ, 1962ರಿಂದ ದೇಶಕ್ಕೆ ಚುನಾವಣೆಯ ಅಳಿಸಲಾಗದ ಶಾಯಿ ಕೊಡುತ್ತಿರುವ ಬಣ್ಣದ ಕಾರ್ಖಾನೆ ಮೈಸೂರಿನಲ್ಲೇ ಇದೆ. ಬೆರಳಿನ ಸುಕ್ಕಿಗೆ ಇಳಿದು ನಿಲ್ಲುವ ಶಾಯಿ ಮಾಡಿದ ಊರಿನಲ್ಲಿ ಬೊಂಬೆಯ ಸುಕ್ಕಿಗೆ ಇಳಿಯುವ ಬಣ್ಣವೂ ತಯಾರಾಗಲಿ ಎಂದು ಆಸೆಪಡುವುದು ಅತಿಯಾಗಲಾರದು.

ಮೈಸೂರಿನ ಗಾಳಿಯಲ್ಲಿ

ಪ್ರಯೋಗಕ್ಕೆ ಇಳಿಯುವವರಿಗೆ ಹವೆಯ ಮಾತೂ ಮುಖ್ಯ. ಅಕ್ರಿಲಿಕ್ ಬಣ್ಣ ನೀರು ಆರಿದಂತೆ ಗಟ್ಟಿಯಾಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ, ಮೊದಲೇ ತಡವಾಗಿ ಒಣಗುವ ಈ ಬಣ್ಣ ಇನ್ನೂ ನಿಧಾನಿಸುತ್ತದೆ. ಅರೆ ಒಣಗಿದ ಬಣ್ಣಕ್ಕೆ ಬ್ರಷ್ ತಾಗಿದರೆ ಹಿಂಡಿದಂಥ ಕಲೆ ಬೀಳುತ್ತದೆ. ಸ್ಪೀಡ್‌ಪೇಂಟಿನ ಮೊದಲ ಆವೃತ್ತಿಯಲ್ಲಿ ಒಣಗಿದ ಬಣ್ಣವೂ ಮೇಲೆ ಮತ್ತೊಂದು ಒದ್ದೆ ಬಣ್ಣ ಬಿದ್ದರೆ ಕರಗಿ ಬೆರೆಯುತ್ತಿತ್ತು. ದೂರುಗಳು ಬಂದ ಮೇಲೆ 2023ರ ಎರಡನೆಯ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಸ್ಪ್ರೇ ಪ್ರೈಮರಿಗೂ ತೇವ ಆಗಿಬರುವುದಿಲ್ಲ, ಮೈ ತರಿತರಿಯಾಗುತ್ತದೆ. ವಾರ್ನಿಷ್ ಸಿಂಪಡಿಸಿದರೆ ಬೆಳ್ಳಗೆ ಮಂಜು ಕವಿಯುತ್ತದೆ. ಅಂಥ ದಿನ ಎರಡನ್ನೂ ಬ್ರಷ್ಷಿನಿಂದಲೇ ಹಚ್ಚುವುದು ಲೇಸು. ಉಬ್ಬಿನ ಮೇಲೆ ಪದರ ತೆಳುವಾದ್ದರಿಂದ ಬೆರಳು ತಾಗುವ ಜಾಗದಲ್ಲಿ, ಅಂದರೆ ಕಿರೀಟ, ಮೂಗು, ಭುಜಗಳಲ್ಲಿ, ಬಣ್ಣ ಮೊದಲು ಸವೆಯುತ್ತದೆ. ಹೀಗಾಗಿ ಆಡುವ ಕಾಯಿಗೆ ವಾರ್ನಿಷ್ ಕಡ್ಡಾಯ. ದಸರಾ ಬೊಂಬೆಯಂತೆ ವರ್ಷಕ್ಕೊಮ್ಮೆ ಹೊರಬಂದು ಮೆಟ್ಟಿಲ ಮೇಲೆ ಕೂರುವುದಕ್ಕೆ ಅಷ್ಟು ಬೇಕಾಗದು.

ಮಕ್ಕಳ ಕೈಗೆ ಹೋಗುವ ಬೊಂಬೆಯಾದರೆ ಇನ್ನೊಂದು ಎಚ್ಚರ. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಟ್ಟದ ಮೇಲಿನ ಅಜ್ಜಿಯ ಕಾಲದ ಬೊಂಬೆಗಳ ಬಣ್ಣ ಕೆರೆದು ಹೊಸ ಬಣ್ಣ ಹಚ್ಚುವ ಉತ್ಸಾಹ ಬೇಡ. ಕೆರೆದ ಪುಡಿ ಉಸಿರಿಗೆ ಸೇರುತ್ತದೆ, ಜೊತೆಗೆ ಹಳೆಯ ಕೈಕೆಲಸವೂ ಶಾಶ್ವತವಾಗಿ ಹೋಗುತ್ತದೆ.

ಹೊಸದಾಗಿ ಕೆತ್ತಿದ ಬೊಂಬೆಗಳೇ ಬೇಕು, ಅದೂ ನಮ್ಮವು. ಈಗ ಅಂಗಡಿಯಲ್ಲಿ ಸಿಗುವ ಮಿನಿಯೇಚರ್‌ಗಳಲ್ಲಿ ಯುರೋಪಿನ ನೈಟ್‌ಗಳು, ಬಾಹ್ಯಾಕಾಶದ ಯೋಧರೇ ತುಂಬಿದ್ದಾರೆ. ತ್ರೀಡಿ ಪ್ರಿಂಟರ್ ಮನೆಗಳಿಗೂ ಕಾಲಿಟ್ಟಿರುವ ಈ ಹೊತ್ತಿನಲ್ಲಿ ಚದುರಂಗದ ಆನೆ, ಒಂಟೆ, ಕುದುರೆಗಳನ್ನೂ ಆಡುಹುಲಿಯ ಹುಲಿಯನ್ನೂ ಜಂಬೂಸವಾರಿಯ ಪಾತ್ರಗಳನ್ನೂ ನೆರಿಗೆ, ರೋಮ, ಕುಸುರಿಗಳ ಸಮೇತ ಕೆತ್ತಿ ಅಚ್ಚುಮಾಡುವುದು ಅಸಾಧ್ಯದ ಕೆಲಸವಲ್ಲ. ಚದುರಂಗಕ್ಕೆ ಬೇಕಾದದ್ದು 32 ಕಾಯಿ, ಆಡುಹುಲಿಗೆ ಅದಕ್ಕಿಂತ ಕಡಿಮೆ. ಮೊದಲ ಪ್ರಯತ್ನಕ್ಕೆ ಆನೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ತಿಳಿಬೂದು ಪ್ರೈಮರ್ ಒಣಗಿದ ಮೇಲೆ ಶೀಶೆಯನ್ನು ಚೆನ್ನಾಗಿ ಕುಲುಕಿ, ಸೊಂಡಿಲಿನ ಬುಡದಿಂದ ಶುರುಮಾಡಿ, ಒಂದು ಭಾಗ ಮುಗಿಯುವ ತನಕ ನಿಲ್ಲದೆ ಹಚ್ಚಬೇಕು. ಮಂಡಿಯ ಹಿಂದೆ, ಕಿವಿಯ ಬುಡದಲ್ಲಿ ಹೆಚ್ಚಾಗಿ ನಿಂತದ್ದನ್ನು ಬ್ರಷ್ಷಿನ ತುದಿಯಿಂದ ಹೀರಿಕೊಂಡು, ಮಾರನೆಯ ದಿನದ ತನಕ ಮುಟ್ಟದೆ ಬಿಡಬೇಕು.